ಕೌದಿ ಒಗೆದ ದಿನದ ಹಾರಾಟ

ನನಗೆ ಎತ್ತರ ಅಂದರೆ ಆಗಿಬರುವುದಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತರೂ ಸಾಕು, ಕಿಟಕಿಯಿಂದ ಮುಖ ಈಚೆ ತಿರುಗಿಸಿಕೊಂಡು ಕಂಡಕ್ಟರನ್ನೇ ನೋಡುತ್ತಾ ಕೂರುವವಳು ನಾನು. ಅಂಥವಳನ್ನು ಒಂದು ಭಾನುವಾರ ಬೆಳ್ಳಂಬೆಳಿಗ್ಗೆ ಎಬ್ಬಿಸಿ, ಜಕ್ಕೂರಿನ ಏರೋಡ್ರೋಮಿಗೆ ಕರೆತಂದು, ಆಟೋರಿಕ್ಷಾಕ್ಕಿಂತ ಒಂಚೂರು ದೊಡ್ಡದಾದ ಒಂದು ವಿಮಾನದ ಮುಂದೆ ನಿಲ್ಲಿಸಿದ್ದರು ನನ್ನ ಇಬ್ಬರು ಗೆಳೆಯರು.

"ಇದು ಹಾರುತ್ತಾ?" ಅಂದೆ.

"ಇಲ್ಲ ಕಣೇ ಯಶೋಧಾ, ಶೋಕೇಸಿಗೆ ಇಟ್ಟಿದೀವಿ. ಬಾಯ್ಮುಚ್ಕೊಂಡು ಹತ್ತು," ಅಂದಳು ಲುಬ್ನಾ.

ವಿಮಾನ ಹಾರಿಸುವವಳು ಅವಳೇ. ಪ್ರತಿದಿನ ಹುಡುಗರಿಗೆ ಹಾರುವುದನ್ನು ಕಲಿಸುವ ಟೀಚರು. ಇವತ್ತು ರಜೆ, ಹಾಗಾಗಿ ಪರಿಚಯದವರೊಬ್ಬರ ನಾಲ್ಕು ಸೀಟಿನ ವಿಮಾನ ಕೇಳಿ ತೆಗೆದುಕೊಂಡಿದ್ದಳು. ಲುಬ್ನಾ, ಶಿವಪುತ್ರ, ನಾನು ಮೂವರೂ ಕೆಂಪಾಪುರದ ಒಂದೇ ಬೀದಿಯಲ್ಲಿ ಮೊಣಕಾಲು ಕೆತ್ತಿಸಿಕೊಂಡು ಬೆಳೆದವರು. ನಾನು ಮದುವೆಯಾಗಿ ಬ್ಯಾಟರಾಯನಪುರಕ್ಕೆ ಹೋದೆ. ಅವರಿಬ್ಬರು ಈಗಲೂ ಅದೇ ಬೀದಿಯಲ್ಲಿ ಎದುರುಬದುರು ಇದ್ದಾರೆ. ಲುಬ್ನಾಳದು ನಾಲ್ಕು ಅಂತಸ್ತಿನ ಹಳೇ ಮನೆ, ಶಿವಪುತ್ರನದು ಒಂದೇ ಅಂತಸ್ತು, ಮೇಲೊಂದು ತಾರಸಿ.

ಲುಬ್ನಾ ಲೈಸೆನ್ಸು ತೆಗೆದುಕೊಂಡ ದಿನದಿಂದಲೂ ನಮ್ಮನ್ನು ಹಾರಿಸುತ್ತೇನೆ ಅಂತ ಹೇಳುತ್ತಲೇ ಇದ್ದಳು. ಒಮ್ಮೆ ಮಳೆ, ಒಮ್ಮೆ ನನ್ನ ಮಗಳ ಪರೀಕ್ಷೆ, ಹತ್ತು ಸಲ ನನ್ನ ಹೆದರಿಕೆ. ಈ ಸಲ ಮಾತ್ರ ಶಿವಪುತ್ರ ತಾನಾಗಿ ಫೋನು ಮಾಡಿ, "ಒಂದ್ಸಲ ಹೋಗ್ಬರೋಣ ಕಣ್ರೇ" ಅಂದ. ಅವನು ಯಾರ ಹತ್ತಿರವೂ ಏನೂ ಕೇಳುವ ಜಾತಿಯಲ್ಲ. ಬಾಯಾರಿದ್ದರೂ ನೀರು ಕೇಳದೆ ಲೋಟ ಎಲ್ಲಿದೆ ಅಂತ ಹುಡುಕುವವನು. ಹಾಗಾಗಿ ಇಬ್ಬರೂ ಏಕೆ ಅಂತ ಕೇಳದೆ ಒಪ್ಪಿಕೊಂಡೆವು. ಅವನ ಅವ್ವನ ಸಲುವಾಗಿ ಎಂದು ಆಮೇಲೆ ಅವನೇ ಹೇಳಿದ.

ಪಾರವ್ವ ಅವಳ ಹೆಸರು. ಬೀದಿಯ ಮಕ್ಕಳೆಲ್ಲ ಅವಳನ್ನು ಅವ್ವ ಅಂತಲೇ ಕರೆದು ಬೆಳೆದೆವು. ಗಂಡ ಪಂಚಪ್ಪನವರ ಜೊತೆ ಗುಳೇದಗುಡ್ಡದ ಕಡೆಯಿಂದ ಬಂದವಳು. ಅವರು ಯಶವಂತಪುರದ ಒಂದು ಫ್ಯಾಕ್ಟರಿಯಲ್ಲಿದ್ದರು. ರಿಟೈರಾದ ಮೇಲೆ ಗಂಡ ಹೆಂಡತಿ ಇಬ್ಬರದೂ ಒಂದೇ ದಿನಚರಿ. ಬೆಳಿಗ್ಗೆ ಚಹಾದ ಲೋಟ ಹಿಡಿದು ತಾರಸಿಗೆ ಹತ್ತುವುದು, ಜಕ್ಕೂರಿನಿಂದ ಎದ್ದು ಬರುವ ಪುಟ್ಟ ವಿಮಾನಗಳನ್ನು ನೋಡುತ್ತಾ ಕೂರುವುದು. ಆ ವಿಮಾನಗಳು ಗಾಳಿಗೆ ಆಗಾಗ ಓಲಾಡುತ್ತವೆ. ಒಂದು ರೆಕ್ಕೆ ಕೆಳಗಾಗಿ ಮತ್ತೊಂದು ಮೇಲೆದ್ದ ತಕ್ಷಣ ಪಂಚಪ್ಪನವರು ಲೋಟ ಕೆಳಗಿಟ್ಟು, "ನೋಡಲ್ಲಿ ಪಾರೂ, ನಿನಗ ನಮಸ್ಕಾರ ಮಾಡಿದ," ಅನ್ನುತ್ತಿದ್ದರು. ಅವಳು, "ನಿಮಗ ಬ್ಯಾರೆ ಕೆಲಸ ಇಲ್ಲ?" ಅಂತ ಗದರುತ್ತಿದ್ದಳು. ಗದರಿ, ಸೆರಗು ಸರಿಮಾಡಿಕೊಂಡು, ಯಾರಿಗೂ ಕಾಣದ ಹಾಗೆ ಕೈ ಅಷ್ಟೇ ಅಷ್ಟು ಮೇಲೆತ್ತುತ್ತಿದ್ದಳು. ನಾನು ಎಷ್ಟೋ ಸಲ ಕಂಡಿದ್ದೇನೆ. ಮುದುಕರಾದ ಮೇಲೆ ಹಾಗೆ ಆಟವಾಡುವ ಗಂಡ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ವರ್ಷ ಯುಗಾದಿ ಆದಮೇಲೆ ಪಂಚಪ್ಪನವರು ಹೋಗಿಬಿಟ್ಟರು. ಅವತ್ತಿನಿಂದ ಅವ್ವ ಒಳಕೋಣೆ ಹಿಡಿದು ಕೂತಳು. ತಾರಸಿ ಇರಲಿ, ಹೊಸ್ತಿಲೂ ದಾಟಲಿಲ್ಲ. ಕೇಳಿದರೆ ಮಾತಾಡುತ್ತಾಳೆ, ಬಡಿಸಿದರೆ ಉಣ್ಣುತ್ತಾಳೆ, ಅಷ್ಟೇ. ನೆಂಟರೆಲ್ಲ "ದಿನ ಕಳೀಲಿ, ಸರಿಹೋಗ್ತಾರೆ" ಅಂದರು. ದಿನ ಕಳೆಯಿತು, ಮಳೆಗಾಲವೂ ಕಳೆಯಿತು, ಏನೂ ಸರಿಹೋಗಲಿಲ್ಲ. ಹೀಗೇ ಬಿಟ್ಟರೆ ಅವ್ವ ಆ ಕೋಣೆಯಲ್ಲೇ ಮುಗಿದುಹೋಗುತ್ತಾಳೆ ಅಂತ ಶಿವಪುತ್ರನಿಗೆ ಭಯ ಹತ್ತಿತ್ತು.

ಆಗ ಅವನಿಗೆ ಹೊಳೆದದ್ದು ಇದು. "ಅವ್ವ, ಲುಬ್ನಾನ ವಿಮಾನದಾಗ ನಾ ಬರ್ತೀನಿ. ನೀ ಮಾಳಗಿ ಮ್ಯಾಲೆ ನಿಲ್ಲು. ನಿನ್ನ ಕಂಡಕೂಡ್ಲೆ ರೆಕ್ಕಿ ಅಲ್ಲಾಡಸ್ತೀವಿ," ಅಂದಿದ್ದ. ತಾರಸಿಗೆ ಅವರ ಮನೆಯಲ್ಲಿ ಮಾಳಗಿ ಅನ್ನುತ್ತಾರೆ. ಅವ್ವ ಏನೂ ಅನ್ನಲಿಲ್ಲವಂತೆ. ಮಾರನೇ ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ, "ಮ್ಯಾಲಿಂದ ಎಲ್ಲಾರ ಮಾಳಗಿನೂ ಒಂದ ಥರಾ ಕಾಣ್ತಾವು. ಇಕಿನ ನಮ್ಮವ್ವ ಅಂತ ನಿನಗ ಹ್ಯಾಂಗ ಗೊತ್ತಾಗ್ಬೇಕು?" ಅಂದಳಂತೆ. ಇವನಿಗೆ ಅಷ್ಟೇ ಸಾಕಾಯಿತು. "ನಮ್ಮ ಕೌದಿ ಹಾಸವ್ವ, ನಾ ಕಂಡುಹಿಡೀತೀನಿ," ಅಂದ.

ಆ ಕೌದಿ ನನಗೂ ಗೊತ್ತು. ಚಿಕ್ಕಂದಿನಲ್ಲಿ ನಾವು ಮೂವರೂ ಅದರೊಳಗೆ ತೂರಿಕೊಂಡು ಆಡಿದ್ದೇವೆ. ಹಳೇ ಸೀರೆ, ಹಳೇ ಧೋತರ ತುಂಡು ತುಂಡು ಸೇರಿಸಿ ಅವ್ವನೇ ಕೈಯಲ್ಲಿ ಹೊಲಿದದ್ದು. ಸುತ್ತ ಇಳಕಲ್ ಸೀರೆಯ ಕೆಂಪು, ನಡುವೆ ಫ್ಯಾಕ್ಟರಿ ಯೂನಿಫಾರ್ಮಿನ ನೀಲಿ. ಅಂಥದ್ದು ಬೆಂಗಳೂರಿನಲ್ಲಿ ಇನ್ನೊಂದಿರುವುದಿಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು.

ವಿಮಾನ ಹತ್ತುವ ಮೊದಲು ಶಿವಪುತ್ರ ಲುಬ್ನಾಳನ್ನು ತಡೆದು ನಿಲ್ಲಿಸಿದ. "ಒಂದು ಮಾತು. ಅವ್ವನ್ನ ಕಣ್ಣಾರೆ ನೋಡಿದ ಮೇಲೇನೇ ಅಲ್ಲಾಡಿಸ್ಬೇಕು. ಸುಮ್ನೆ ಅಂದಾಜಿಗೆ ಬೇಡ. ಅಪ್ಪ ಅಷ್ಟು ವರ್ಷ ಸುಳ್ಳು ಹೇಳ್ದ. ಒಂದ್ಸಲನಾದ್ರೂ ಅದು ನಿಜ ಆಗ್ಲಿ."

"ಆಯ್ತು ಮಗಾ," ಅಂದಳು ಲುಬ್ನಾ.

ಶಾಲೆಗೆ ದಸರಾ ರಜೆ ಬಿಟ್ಟಿದ್ದರಿಂದ ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ. ಹೊರಡುವಾಗ ಕೌದಿಯನ್ನು ಮಂಚದ ತುದಿಗೆ ಮಡಚಿಟ್ಟು ಬಂದಿದ್ದೇನೆ, ಹತ್ತುತ್ತಾಳೋ ಇಲ್ಲವೋ ಗೊತ್ತಿಲ್ಲ ಅಂದ. ಮುಂದೆ ಲುಬ್ನಾಳ ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡ. ನಾನು ಹಿಂದಿನ ಸೀಟಿನಲ್ಲಿ ಕೂತು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದೆ.

ಚಕ್ರ ನೆಲ ಬಿಟ್ಟದ್ದು ನನಗೆ ತಿಳಿಯಲೇ ಇಲ್ಲ. ಗಡಗಡ ಅನ್ನುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು, ಅಷ್ಟೇ. ಕಣ್ಣು ಬಿಟ್ಟರೆ ಜಕ್ಕೂರು ಕೆರೆ ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಕೆರೆ ಹಾಗೆ ವಾಲಿದರೂ ನೀರು ಚೆಲ್ಲುತ್ತಿಲ್ಲವಲ್ಲ ಅಂತ ಒಂದು ಕ್ಷಣ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಕಿವಿಯ ಮೇಲಿನ ಹೆಡ್‌ಸೆಟ್ಟಿನಲ್ಲಿ ಲುಬ್ನಾ ಯಾರ ಜೊತೆಗೋ ಸಣ್ಣ ದನಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಬೀದಿಯಲ್ಲಿ ಅಷ್ಟು ಜೋರು ಬಾಯಿ ಮಾಡುವವಳು ಇಲ್ಲಿ ಮಗು ಮಲಗಿಸುವವಳ ಹಾಗೆ ಮಾತಾಡುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ.

ಬಿಸಿಲು ಇನ್ನೂ ಎಳೆಯದು. ನೆಲದ ಮೇಲೆ ಮಂಜು ಅಲ್ಲಲ್ಲಿ ಉಳಿದುಕೊಂಡಿತ್ತು. ಯಲಹಂಕದ ಅಪಾರ್ಟ್‌ಮೆಂಟುಗಳು ಆ ಬಿಳುಪಿನಿಂದ ತಲೆ ಮಾತ್ರ ಹೊರಗೆ ಹಾಕಿ ನಿಂತಿದ್ದವು. ರಸ್ತೆಗಳಿದ್ದವು, ಹಾರನ್ನುಗಳಿರಲಿಲ್ಲ. ಬಸ್ಸುಗಳಿದ್ದವು, ನೂಕುನುಗ್ಗಲಿರಲಿಲ್ಲ. ದಿನವೂ ನನ್ನ ಜೀವ ಹಿಂಡುವ ಊರು ಇದೇನಾ ಅಂತ ನಂಬಿಕೆಯೇ ಬರಲಿಲ್ಲ. ಚಿಕ್ಕಬಾಣಾವರದ ಸ್ಟೇಷನ್ನಿನಿಂದ ಒಂದು ರೈಲು ಹೊರಟಿತು. ಸದ್ದಿಲ್ಲದೆ, ಅವಸರವಿಲ್ಲದೆ ಹೋಗುತ್ತಿತ್ತು. ಅದರ ಕಿಟಕಿಯಲ್ಲಿ ಯಾರೋ ಒಬ್ಬರು ತಲೆಯೆತ್ತಿ ನಮ್ಮನ್ನು ನೋಡುತ್ತಿರಬಹುದು ಅನ್ನಿಸಿ ನಾನು ಕೈ ಬೀಸಿದೆ. ನನ್ನ ಹೆದರಿಕೆ ಯಾವಾಗ ಇಳಿದುಹೋಯಿತೋ ಕಾಣೆ.

ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಬಂದಾಗ ಕೆಳಗೆ ನಮ್ಮದೇ ನೆರಳು ಓಡುತ್ತಿತ್ತು. ಪುಟ್ಟ ಕಪ್ಪು ನೆರಳು. ಅದು ಕುರಿಮಂದೆಯ ಮೇಲೆ ಹಾಯಿತು, ಒಂದು ಬೇಲಿ ದಾಟಿತು, ಕೆರೆಯ ನೀರಿಗಿಳಿದು ಕಾಣೆಯಾಯಿತು, ಆಚೆ ದಡದಲ್ಲಿ ಮತ್ತೆ ಎದ್ದಿತು. ನನಗೆ ಚಿಕ್ಕಂದಿನ ಮಧ್ಯಾಹ್ನದ ನಿದ್ದೆ ನೆನಪಾಯಿತು. ಅವ್ವನ ಮನೆಯಲ್ಲಿ ಆಡಿ ಆಡಿ ಸುಸ್ತಾಗಿ ಅದೇ ಕೌದಿಯ ಮೇಲೆ ಬಿದ್ದುಕೊಂಡರೆ, ಅವಳು ಜೋಳ ಹಸನು ಮಾಡುವ ಸದ್ದು ದೂರ ದೂರ ಹೋಗುತ್ತಿತ್ತಲ್ಲ, ಹಾಗೆ ಈ ಇಂಜಿನ್ನಿನ ಸದ್ದೂ ದೂರವಾಯಿತು. ಹೀಗೇ ಹೋಗುತ್ತಿದ್ದರೆ ಎಷ್ಟು ಚೆನ್ನ, ಇಳಿಯುವುದೇ ಬೇಡ ಅನ್ನಿಸಿತು. ಆ ಹೊತ್ತಿನ ಮಟ್ಟಿಗೆ ಮೂವರಿಗೂ ವಯಸ್ಸಾಗಿರಲಿಲ್ಲ. ಯಾರೂ ಸತ್ತಿರಲಿಲ್ಲ.

ಆಗ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಶಿವಪುತ್ರ ತೊಡೆಯ ಮೇಲೆ ಕೈಯಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದಾನೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಲೋ, ಹೆದರೋಳು ನಾನು, ಕಣ್ಮುಚ್ಚಿರೋನು ನೀನಾ? ಕೆಳಗೆ ನೋಡೋ, ಎಷ್ಟು ಚೆನ್ನಾಗಿದೆ!"

"ಬೇಡ," ಅಂದ. "ಕಣ್ಣು ಕೆಂಪಾಪುರಕ್ಕೆ ಅಂತ ಉಳಿಸ್ಕೊಂಡಿದೀನಿ."

ನಾನು ಮತ್ತೆ ಕಿಟಕಿಯ ಕಡೆ ತಿರುಗಿದೆ.

ಲುಬ್ನಾ ವಿಮಾನ ತಿರುಗಿಸಿದಳು. ಹೆಬ್ಬಾಳ ಕೆರೆ ಬಂತು. ಅಷ್ಟರಲ್ಲಿ ಹೆಡ್‌ಸೆಟ್ಟಿನಲ್ಲಿ ಮತ್ತೆ ಇಂಗ್ಲಿಷು ಕೇಳಿಸಿತು. ಅವಳು ಉತ್ತರ ಕೊಟ್ಟು ನಮಗೆ ಹೇಳಿದಳು: "ಹಿಂದೆ ಇನ್ನೊಂದು ವಿಮಾನ ಬರ್ತಾ ಇದೆ, ಸುತ್ತು ಹೊಡೀಬೇಡಿ, ನೇರ ಬಂದು ಇಳೀರಿ ಅಂತಿದಾರೆ. ಕೆಂಪಾಪುರದ ಮೇಲೆ ಒಂದೇ ಸಲ ಹಾಯ್ತೀವಿ. ಶಿವು, ನಿನ್ನ ಕಡೆ ಕಿಟಕೀಲೇ ಬರುತ್ತೆ. ಕೆಂಪು ನೀಲಿ ಕಂಡ ತಕ್ಷಣ ಹೇಳು, ಅಲ್ಲಾಡಿಸ್ಬಿಡ್ತೀನಿ."

ಅವನು ಕಣ್ಣು ಬಿಟ್ಟ. ನಾನೂ ಅದೇ ಕಡೆ ಸರಿದು ಗಾಜಿಗೆ ಮೂಗು ಒತ್ತಿದೆ.

ಮೊದಲು ನನಗೆ ಹೂವು ಅನ್ನಿಸಿತು. ತಾರಸಿಯ ಮೇಲೆಲ್ಲ ಯಾರೋ ಹೂವಿನ ಪಾತಿ ಮಾಡಿದ್ದಾರೆ ಅಂದುಕೊಂಡೆ. ಕೆಂಪು, ಹಳದಿ, ಕಂದು, ನೀಲಿ, ಹಸಿರು. ಒಂದು ಮನೆಯ ಮೇಲಲ್ಲ, ಒಂದು ಬೀದಿಯ ಮೇಲೂ ಅಲ್ಲ. ತಾರಸಿಯ ಗೋಡೆಯ ಮೇಲೆ, ಮೆಟ್ಟಿಲ ಕಂಬಿಯ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಕಟ್ಟುತ್ತಿದ್ದ ಮನೆಯ ಕಬ್ಬಿಣದ ಸರಳುಗಳ ಮೇಲೆ, ಕಣ್ಣು ಹಾಯ್ದಲ್ಲೆಲ್ಲ ಕೌದಿಗಳು.

"ಅಯ್ಯೋ!" ಅಂದೆ. "ಊರಿಗೆ ಊರೇ ಕೌದಿ ಹಾಸಿಕೊಂಡು ಕೂತಿದೆಯಲ್ಲೋ!"

ಶಿವಪುತ್ರ ಹಣೆ ಚಚ್ಚಿಕೊಂಡ. "ಘಟ ಕೂರೋಕೆ ಇನ್ನು ಎರಡು ದಿನ," ಅಂದ. "ನಮ್ಮ ಕಡೆಯವರು ಎಲ್ಲರೂ ನವರಾತ್ರಿಗೆ ಮುಂಚೆ ಮನೇಲಿರೋ ಹಾಸಿಗೆ ಹೊದಿಕೆ ಒಂದೂ ಬಿಡದೆ ಒಗೀತಾರೆ. ಅಪ್ಪ ತೀರ್ಕೊಂಡಿದಾರೆ ಅಂತ ಈ ವರ್ಷ ನಮ್ಮನೇಲಿ ಹಬ್ಬ ಇಲ್ಲ. ನಂಗೆ ನೆನಪೇ ಆಗ್ಲಿಲ್ಲ ಕಣ್ರೇ."

ಕೆಂಪಾಪುರದ ಆ ಅಡ್ಡರಸ್ತೆಗಳಲ್ಲಿ ಬಾಗಲಕೋಟೆಯವರು, ಗದಗದವರು, ವಿಜಯಪುರದವರು ಎಷ್ಟು ಜನ ಇದ್ದಾರೆ ಅಂತ ನನಗೆ ಅವತ್ತು ಮೇಲಿನಿಂದಲೇ ಗೊತ್ತಾದದ್ದು. ಬೀದಿಯಲ್ಲಿ ನಡೆಯುವಾಗ ಎಲ್ಲ ಬಾಗಿಲೂ ಒಂದೇ ಥರ. ಆದರೆ ತಾರಸಿಗಳ ಮೇಲೆ ಅವರವರ ಅಜ್ಜಿಯರ ಸೀರೆಗಳು ಬಿಸಿಲಿಗೆ ಬಿದ್ದುಕೊಂಡಿದ್ದವು. ನೋಡಲು ಅಷ್ಟು ಚಂದವಾಗಿತ್ತು. ಆ ಚಂದವೇ ನಮ್ಮನ್ನು ಕೆಡಿಸಿತ್ತು. ಕೆಂಪು ಅಂಚಿನವೇ ಎಷ್ಟೋ, ನಡುವೆ ನೀಲಿ ಇದ್ದವೂ ಎಷ್ಟೋ.

"ಬೇಗ," ಅಂದಳು ಲುಬ್ನಾ.

"ಆ ಹೊಸ ಪೀಜಿ ಹುಡುಕೋ!" ನಾನು ಕಿರುಚಿದೆ. ಅವನ ಮನೆಗೆ ಅಂಟಿಕೊಂಡ ಹಾಗೆ ಹುಡುಗರ ಪೀಜಿಯೊಂದು ಈಚೆಗೆ ಎದ್ದಿತ್ತು, ಐದು ಅಂತಸ್ತು. ಅದು ಸಿಕ್ಕಿತು. ಅದರ ಬುಡದಲ್ಲಿ, ಅದರದೇ ದಟ್ಟ ನೆರಳಿನಲ್ಲಿ ಶಿವಪುತ್ರನ ತಾರಸಿ.

ಅದು ಬರಿದಾಗಿತ್ತು. ಕೌದಿಯೂ ಇಲ್ಲ, ಅವ್ವನೂ ಇಲ್ಲ.

"ಹತ್ತಿಲ್ಲ," ಅಂದ ಶಿವಪುತ್ರ. "ಅವ್ವ ಹತ್ತಿಲ್ಲ."

"ಆದ್ರೂ ಅಲ್ಲಾಡ್ಸೇ ಲುಬ್ನಾ! ಕಿಟಕಿಯಿಂದ ನೋಡ್ತಿರಬಹುದು!"

"ಬೇಡ ಅಂದ್ನಲ್ಲ!" ಅವನು ನನ್ನ ಮೇಲೆ ಕೂಗಿದ್ದು ಅದೇ ಮೊದಲು. "ಯಾರಿಗೆ ಅಂತ ಅಲ್ಲಾಡಿಸ್ತೀಯ? ಇಳಿಸು."

ಲುಬ್ನಾ ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಯಾರೋ ಕೆಳಗಿನಿಂದ ಒದ್ದ ಹಾಗೆ ವಿಮಾನ ಒಮ್ಮೆ ಎಡಕ್ಕೆ ವಾಲಿ ಬಲಕ್ಕೆ ವಾಲಿತು. ನನ್ನ ತಲೆ ಗಾಜಿಗೆ ಬಡಿಯಿತು. "ಗಾಳಿ, ಗಾಳಿ, ಏನಿಲ್ಲ," ಅನ್ನುತ್ತಾ ಅವಳು ಸರಿಮಾಡಿಕೊಂಡಳು. ಕೌದಿಗಳೆಲ್ಲ ಹಿಂದೆ ಸರಿದುಹೋದವು. ಸ್ವಲ್ಪ ಹೊತ್ತಿಗೆ ಚಕ್ರ ನೆಲ ಮುಟ್ಟಿ ಮತ್ತೆ ಗಡಗಡ ಶುರುವಾಯಿತು.

ಲುಬ್ನಾಳ ಕಾರಿನಲ್ಲಿ ಕೆಂಪಾಪುರಕ್ಕೆ ಹೊರಟೆವು. ನನಗೆ ಅವ್ವನ ಮೇಲೂ ಸಿಟ್ಟು ಬಂದಿತ್ತು. ಇಷ್ಟು ಜನ ಇಷ್ಟೆಲ್ಲ ಮಾಡುವಾಗ ಹತ್ತು ಮೆಟ್ಟಿಲು ಹತ್ತಬಾರದಿತ್ತೇ? ಆ ಸಿಟ್ಟಿನ ಕೆಳಗೆ ಇದ್ದದ್ದು ದುಃಖ. ಇನ್ನು ಇವಳನ್ನು ಹೊರಗೆ ತರುವ ದಾರಿ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮನೆಯ ಬಾಗಿಲು ಸುಮ್ಮನೆ ಮುಂದೆ ಹಾಕಿತ್ತು. ಶಿವಪುತ್ರ ಒಳಕೋಣೆಗೆ ಹೋದವನು ಓಡಿ ಹೊರಗೆ ಬಂದ. "ಅವ್ವ ಇಲ್ಲ." ಮಂಚದ ಮೇಲೆ ಕೌದಿಯೂ ಇರಲಿಲ್ಲ. ಬಚ್ಚಲಲ್ಲಿ ಸೋಪಿನ ನೊರೆ ಇನ್ನೂ ಹಾಗೇ ಇತ್ತು. ಅವನು ತಾರಸಿಗೆ ಓಡಿ ಹತ್ತಿ ಬರಿಗೈಯಲ್ಲಿ ಇಳಿದು ಬಂದ.

ನೆಲದ ಮೇಲೆ ನೀರು ಮೊದಲು ಕಂಡದ್ದು ಲುಬ್ನಾಗೆ. ಬಚ್ಚಲಿನಿಂದ ತಾರಸಿಯ ಮೆಟ್ಟಿಲವರೆಗೆ, ಮೆಟ್ಟಿಲಿನಿಂದ ಹೊಸ್ತಿಲಿಗೆ, ಹೊಸ್ತಿಲು ದಾಟಿ ಬೀದಿಗೆ ನೀರು ಸೋರಿದ ಗುರುತು. ಬೀದಿಯನ್ನು ಅಡ್ಡ ದಾಟಿ ಅದು ಲುಬ್ನಾಳ ಮನೆಯ ಗೇಟಿಗೆ ಹೋಗಿತ್ತು. ಅಲ್ಲಿಂದ ಮೆಟ್ಟಿಲಿಗೆ. ನಾವು ಮೂವರೂ ಆ ಒದ್ದೆಯನ್ನೇ ಹಿಡಿದು ನಾಲ್ಕೂ ಅಂತಸ್ತು ಹತ್ತಿದೆವು. ಲಿಫ್ಟಿಲ್ಲದ ಮನೆ. ನಾನು ಏದುಸಿರು ಬಿಡುತ್ತಾ ಕೊನೆಯಲ್ಲಿದ್ದೆ.

ತಾರಸಿಯಲ್ಲಿ ಅವ್ವ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಲುಬ್ನಾಳ ತಾಯಿ ಜೈನಾಬ್ ಖಾಲಾ, ಕೈಯಲ್ಲಿ ಚಹಾ. ಗೋಡೆಯ ಉದ್ದಕ್ಕೂ ಕೆಂಪು ನೀಲಿ ಕೌದಿ ಹರಡಿಕೊಂಡು ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ನಾನು ಬೇಡ ಅಂದೆ ಬೇಟಾ, ಕೇಳಿದ್ರೆ ತಾನೆ!" ಖಾಲಾ ನಮ್ಮನ್ನು ನೋಡಿದ್ದೇ ಶುರುಮಾಡಿದರು. "ಗೇಟ್ ಹತ್ರ ಬಂದು, ಜೈನಾಬ್, ಈ ತುದಿ ಹಿಡಿ ಅಂದ್ರು. ನೆನೆದ ಕೌದಿ, ಕಲ್ಲು ಕಲ್ಲು! ನನ್ನ ಸೊಂಟ ಹೋಯ್ತು."

"ಒಗದ್ಯಾ ಅವ್ವ?" ಶಿವಪುತ್ರನಿಗೆ ಕೇಳಲು ಅದೇ ಸಿಕ್ಕಿತು.

"ಮತ್ತ? ಮ್ಯಾಲಿಂದ ನಾಕ ಮಂದಿ ನೋಡೂ ಹೊತ್ತಿನ್ಯಾಗ ಹೊಲಸ ಕೌದಿ ಹಾಸ್ಲೇನ?" ಅಂದಳು ಅವ್ವ. "ನಮ್ಮ ಮಾಳಗಿ ಹತ್ತಿದ್ನಿ. ಆ ಪೀಜಿ ಗ್ವಾಡಿ ಎದ್ದು ಆಕಾಶನ ಇಲ್ಲ ಅಲ್ಲಿ. ನಿನಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ ಅಂತ ಇಲ್ಲಿ ಬಂದ್ನಿ."

ಅವನು ಅವಳ ಕಾಲ ಬಳಿ ಕುಸಿದು ಕೂತ. "ನಾ ನಿನ್ನ ನೋಡ್ಲೇ ಇಲ್ಲವ್ವ. ನಮ್ಮ ಮಾಳಗಿ ಅಷ್ಟ ನೋಡಿದ್ನಿ."

"ನಾ ನೋಡಿದ್ನಲ್ಲ. ಸರಿಯಾಗಿ ನನ್ನ ನೆತ್ತಿ ಮ್ಯಾಲೆ ಬಂದು ರೆಕ್ಕಿ ಅಲ್ಲಾಡ್ತು."

ಲುಬ್ನಾ ನನ್ನ ಕೈ ಹಿಸುಕಿದಳು. ಹೂಂ ಅನ್ನೋ, ಹೂಂ ಅಂದುಬಿಡೋ ಅಂತ ಇಬ್ಬರೂ ಮನಸ್ಸಿನಲ್ಲೇ ಅವನಿಗೆ ಬಡಿದುಕೊಳ್ಳುತ್ತಿದ್ದೆವು. ಆ ಸತ್ಯಹರಿಶ್ಚಂದ್ರನಿಗೆ ಅದು ತಿಳಿಯಬೇಕಲ್ಲ.

"ಅದು ನಾವು ಅಲ್ಲಾಡಿಸಿದ್ದಲ್ಲವ್ವ," ಅಂದ ತಲೆತಗ್ಗಿಸಿ. "ಗಾಳಿ."

ಅವ್ವ ನಕ್ಕಳು. ಯುಗಾದಿಯ ನಂತರ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ನನಗ ಗೊತ್ತಿಲ್ಲೇನ? ನಿಮ್ಮಪ್ಪ ಇದ್ದಾಗೂ ಗಾಳಿನ ಇತ್ತು," ಅಂದಳು. "ಅವರು ಹೇಳ್ತಿದ್ರು, ನಾ ಕೇಳ್ತಿದ್ನಿ. ಹಂಗ ಹೇಳಾವರ ಇಲ್ಲದಾಗ ಮಾಳಗಿ ಹತ್ತಿ ಏನ್ ಮಾಡ್ಲಿ ಅಂತ ಒಳಗ ಕುಂತಿದ್ನಿ."

ಖಾಲಾ ಚಹಾದ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಸುತ್ತಲ ತಾರಸಿಗಳಲ್ಲಿ ಹೆಂಗಸರು ಕೌದಿ ಮಗುಚಿ ಹಾಕುತ್ತಾ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು. ಬಿಸಿಲು ಏರಿತ್ತು.

ಜಕ್ಕೂರಿನ ಕಡೆಯಿಂದ ಇನ್ನೊಂದು ಪುಟ್ಟ ವಿಮಾನ ಎದ್ದು ಬಂತು. ಯಾರೋ ಕಲಿಯುವ ಹುಡುಗ ಇರಬೇಕು. ನಮ್ಮ ತಲೆಯ ಮೇಲೆ ಬರುತ್ತಿದ್ದ ಹಾಗೆ ಅದು ಗಾಳಿಗೆ ಸಿಕ್ಕಿ ಒಂದು ಪಕ್ಕಕ್ಕೆ ವಾಲಿ, ಹಾಗೇ ಇನ್ನೊಂದು ಪಕ್ಕಕ್ಕೂ ವಾಲಿತು.

ಶಿವಪುತ್ರ ಅದನ್ನು ನೋಡಿದ.

"ನೋಡಲ್ಲಿ ಅವ್ವ," ಅಂದ. "ನಿನಗ ನಮಸ್ಕಾರ ಮಾಡಿದ."

"ನಿನಗ ಬ್ಯಾರೆ ಕೆಲಸ ಇಲ್ಲ?" ಅಂದಳು ಅವ್ವ. ಅಂದು, ಒದ್ದೆ ಸೆರಗನ್ನು ಸರಿಮಾಡಿಕೊಂಡು, ಕೈ ಅಷ್ಟೇ ಅಷ್ಟು ಮೇಲೆತ್ತಿದಳು.